ಹಲ್ಲಿಲ್ಲದ ಕ್ಲಾರಿನೆಟ್

ಮೆಕ್ಸಿಕೋದ ವಹಾಕಾ ಊರಿನ ದಂತವೈದ್ಯರಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಊರ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಫಿದೆನ್ಸಿಯೊ, ಅವನ ಹೆಂಡತಿ ಎಲಾದಿಯಾ. ಅವನ ಮೇಲಿನ ಹಲ್ಲುಗಳನ್ನೆಲ್ಲ ಹೋದ ತಿಂಗಳು ಕಿತ್ತಿದ್ದರು.

"ನಿನ್ನೆ ಹಿತ್ತಲಲ್ಲಿ ಊದಿದ್ದು ನೀನೇನಾ?" ಎಲಾದಿಯಾ ಗಂಡನನ್ನು ಕೇಳಿದಳು.

"ಮತ್ತಿನ್ಯಾರು? ಕ್ಲಾರಿನೆಟ್ ಕಚ್ಚಿ ಹಿಡಿಯೋಕೆ ಹಲ್ಲಿಲ್ವಲ್ಲ, ಮೇಲ್ದುಟೀನೇ ಒಳಕ್ಕೆ ಮಡಚ್ಕೊಂಡೆ."

"ನೋವಾಗ್ಲಿಲ್ವಾ?"

"ತುಟಿ ಸುಲಿದುಹೋಯ್ತು. ಆದ್ರೆ ನಾದ ಕೇಳಿದ್ಯಲ್ಲ."

"ಕೇಳ್ದೆ ಕಣೋ ಮುದುಕಾ. ಹೆಂಚಿನ ಮೇಲೆ ರೊಟ್ಟಿ ಸೀದಿದ್ದೂ ಗೊತ್ತಾಗ್ಲಿಲ್ಲ. ಮದುವೆಯಾದಾಗಿಂದ ಕೇಳ್ತಿದೀನಿ, ಅದು ಇಷ್ಟು ಮೆತ್ತಗೆ ಯಾವತ್ತೂ ಮಾತಾಡಿರ್ಲಿಲ್ಲ."

"ನಂಗೂ ಮೈ ಜುಮ್ಮಂತು. ಇಷ್ಟು ವರ್ಷ ಹಲ್ಲೇ ಅಡ್ಡ ಇತ್ತೇನೋ."

ಕಟ್ಟಿಸಿದ ಹಲ್ಲು ಬಂದಿದೆಯೆಂದು ನರ್ಸ್ ಒಳಗಿಂದ ಕರೆದಳು.

"ಹಾಗಾದ್ರೆ ಇದು ಬೇಡ್ವಾ?" ಎಂದಳು ಎಲಾದಿಯಾ.

"ಊಟಕ್ಕೆ ಬೇಕಲ್ಲ. ಊದೋವಾಗ ತೆಗೆದು ನಿನ್ನ ಕೈಲಿ ಕೊಡ್ತೀನಿ, ಹಿಡ್ಕೊಂಡು ಕೂತಿರು."

ಅವನು ಎದ್ದ. ಅವಳು ಅವನ ತುಟಿಯನ್ನೇ ನೋಡುತ್ತ ಹಿಂದೆ ನಡೆದಳು.