ಕಲ್ಲಿನ ಮೇಲಿನ ನಾಲ್ಕನೆಯ ಹೆಸರು

ಮಾನ್ಯ ಅಧ್ಯಕ್ಷರೇ, ವೇದಿಕೆ ತುಂಬಿರುವ ಗಣ್ಯರೇ, ಬೋಂಡದ ವಾಸನೆಗೆ ಬಂದು ಕೂತಿರುವ ಹಲಸೂರಿನ ಸಭಿಕರೇ,

ಮದುವೆಯಾದ ಹೆಣ್ಣಿಗೆ, ವರ್ಗವಾದ ಮೇಷ್ಟರಿಗೆ ಬೀಳ್ಕೊಡುಗೆ ಮಾಡುವುದನ್ನು ಕಂಡಿದ್ದೇನೆ. ನಾಳೆ ಕೆಡವಲಿರುವ ಕಟ್ಟಡಕ್ಕೆ ಹಾರ ಹಾಕಿ ಬೀಳ್ಕೊಡುವುದನ್ನು ಇವತ್ತೇ ಕಂಡೆ. ಕಡಿಯೋ ಕುರಿಗೂ ಹಾರ ಹಾಕ್ತಾರೆ ಬಿಡಿ.

ಈ ಯುದ್ಧಸ್ಮಾರಕ ಭವನವನ್ನು ಉಳಿಸಿ ಎಂದು ಆರು ತಿಂಗಳಿಂದ ಮುನಿಸಿಪಾಲಿಟಿಗೆ ಅರ್ಜಿ ಕೊಡುತ್ತ ಬಂದೆವು. ಗೋಡೆ ಬಿರುಕು ಬಿಟ್ಟಿದೆ ಎಂದರು ಅಧ್ಯಕ್ಷರು. ಎಲ್ಲಿ ಸ್ವಾಮಿ ಬಿರುಕು? ಗಾರೆ ಗೋಡೆ ಇದು, ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತೆ. ಬಿಳಿಯರ ಯುದ್ಧದ ಗುರುತು ಸ್ವರಾಜ್ಯದಲ್ಲಿ ಯಾಕೆ ಎಂದರು. ಆಹಾ, ಹೋದ ವರ್ಷದವರೆಗೂ ದೊರೆಗಳ ಕಾರಿನ ಬಾಗಿಲು ತೆಗೆಯುತ್ತಿದ್ದ ಕೈ ಅದು! ಸ್ವರಾಜ್ಯಕ್ಕೆ ಈಗ ಈ ಜಾಗದಲ್ಲಿ ಟಾಕೀಸು ಬೇಕಂತೆ. ಟಾಕೀಸು ಕಟ್ಟುವವರು ಅಧ್ಯಕ್ಷರ ಷಡ್ಡಕರಂತೆ.

ಕೊನೆಗೆ, ಈ ಕಲ್ಲಿನ ಮೇಲಿರುವ ಹನ್ನೊಂದು ಹೆಸರಿಗೆ ವಾರಸುದಾರರೇ ಇಲ್ಲ ಎಂದರು. ಸಭಿಕರೇ, ಆ ಕಡೆ ತಿರುಗಿ ನಾಲ್ಕನೆಯ ಹೆಸರು ಓದಿ. ಕಗ್ಗದಾಸಪುರದ ಮುನಿವೆಂಕಟಪ್ಪ, ಬಸ್ರಾದಲ್ಲಿ ಮರಣ, ೧೯೧೭. ಆ ಮುನಿವೆಂಕಟಪ್ಪ ನಾನೇ. ನಗಬೇಡಿ.

ದಂಡಿನ ಪಟಾಲಮ್ಮಿಗೆ ಆಳು ಸೇರಿಸಲು ಜಮಾದಾರ ಬಂದಾಗ ಪಟೇಲರು ಬರೆಸಿದ್ದು ನನ್ನ ಹೆಸರು. ನಾನು ಹುಲ್ಲಿನ ಮೆದೆಯ ಹಿಂದೆ ಕೂತಿದ್ದೆ. ಹೊಟ್ಟೆನೋವಿತ್ತು ಅಂತ ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಇರಲಿ, ಅಡಗಿದ್ದೆ ಅಂತಲೇ ಇಟ್ಟುಕೊಳ್ಳಿ. ಹೆಸರು ಕೂಗಿದಾಗ ನನ್ನ ತಮ್ಮ ಚಿನ್ನಪ್ಪ, ಹದಿನಾರು ವರ್ಷದವನು, "ನಾನೇ" ಅಂದುಬಿಟ್ಟ. ದಂಡಿನ ಸಾಮಾನು ಹೊರುವ ಹೇಸರಗತ್ತೆ ಹೊಡೆಯಲು ಕಡಲಾಚೆಯ ಬಸ್ರಾಕ್ಕೆ ಹೋದ. ಕಾಗದ ಬಂದಾಗ ಅದರಲ್ಲಿ ಸತ್ತವನು ನಾನು. ತಿದ್ದಿಸಲು ಹೋಗಲಿಲ್ಲ, ಹೋದರೆ ನನ್ನನ್ನೂ ಕಳಿಸಿಬಿಡುತ್ತಾರೆ ಅಂತ ಹೆದರಿದ್ದೆ.

ಹೆಣ ಬರಲಿಲ್ಲ, ಊರಲ್ಲಿ ಗುಂಡಿಯೂ ಇಲ್ಲ. ನಮ್ಮವ್ವ ಬೈರಮ್ಮ ಪ್ರತಿ ಮಾಲಯ ಅಮಾವಾಸ್ಯೆಗೆ ಇಲ್ಲಿಗೆ ನಡೆದು ಬಂದು ಈ ಕಲ್ಲಿನ ಮುಂದೆ ಎಡೆ ಇಟ್ಟು, ಉಣ್ಣು ಚಿನ್ನಪ್ಪ ಅನ್ನುತ್ತಿದ್ದಳು. ಇಲ್ಲಿ ಚಿನ್ನಪ್ಪ ಅಂತ ಯಾರೂ ಇಲ್ಲವಲ್ಲಮ್ಮ ಎಂದು ಕಾವಲುಗಾರ ಅಹ್ಮದ್ ಪಾಷಾ ಒಮ್ಮೆ ಕೇಳಿದ. ಅವ್ವ ಜೊತೆಗೆ ಬಂದಿದ್ದ ನನ್ನ ಕಡೆ ಕೈ ತೋರಿಸಿದಳು.

"ಸತ್ತೋನು ಚಿನ್ನಪ್ಪನೇ. ಹೆಸರು ಮಾತ್ರ ಇವಂದು."

ಸಾಯುವವರೆಗೂ ಅವಳು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ.

ಅಧ್ಯಕ್ಷರೇ, ನನ್ನ ತಮ್ಮನಿಗೆ ಭೂಮಿಯ ಮೇಲೆ ಉಳಿದಿರುವುದು ಇದೊಂದೇ ಗುರುತು, ಅದೂ ತಪ್ಪು. ಇದನ್ನೂ ಒಡೆದರೆ ಅವನು ಹುಟ್ಟಿಯೇ ಇರಲಿಲ್ಲ ಅಂತಾಗುತ್ತೆ. ನಾಳೆ ಹಾರೆ ತರುವಾಗ ಪೊಲೀಸರನ್ನೂ ಕರೆತನ್ನಿ. ನಾನು ಈ ಕಲ್ಲಿಗೆ ಬೆನ್ನು ಕೊಟ್ಟು ಕೂತಿರುತ್ತೇನೆ. ಮುನಿವೆಂಕಟಪ್ಪ ಯಾರು ಅಂತ ಕೇಳಲಿ. ಈ ಸಲ ನಾನೇ ಎದ್ದು ನಿಲ್ಲುತ್ತೇನೆ.

ಇಷ್ಟು ಮಾತಾಡಲು ಬಿಟ್ಟದ್ದಕ್ಕೆ ಉಪಕಾರ. ನಮಸ್ಕಾರ.