ಮೊಣಕಾಲೂರೋ ಹಲಗೆ

ಅಣ್ಣ, ಬಾಗಿಲು ಹಾಕ್ಬೇಡ! ಹಾಕ್ಬೇಡ ಅಂದೆ... ಹಾಗೇ ತೆಗೆದಿರ್ಲಿ. ಸೊಳ್ಳೆ ಬಂದ್ರೆ ಬರ್ಲಿ, ನನ್ನ ರಕ್ತ ಕುಡೀಲಿ. ಈಗ್ತಾನೆ, ಇನ್ನೂ ಎದೆ ಹೊಡ್ಕೋತಿದೆ ನೋಡು, ಈಗ್ತಾನೆ ನನಗೆ ಆಗಿದ್ದು ಹೇಳಿದ್ರೆ ನೀನು ನಂಬಲ್ಲ. ನಾನೇ ನಂಬ್ತಿಲ್ಲ. ಅತ್ತಿಗೆ, ಒಂದು ಚೊಂಬು ನೀರು...

ಗೊತ್ತು, ಗೊತ್ತು. ನಿನ್ನ ಮನೆ ಮೆಟ್ಟಿಲು ಹತ್ತಿ ಒಂದೂವರೆ ವರ್ಷ ಆಯ್ತು. ದಾರೀಲಿ ಸಿಕ್ಕಿದ್ರೂ ಮುಖ ತಿರುಗಿಸ್ಕೊಂಡು ಹೋಗ್ತಿದ್ದೆ. ಈಗ ಯಾವ ಮುಖ ಇಟ್ಕೊಂಡು ಬಂದೆ ಅಂತ ಕೇಳು, ಆಮೇಲೆ ಕೇಳು. ಮೊದಲು ನೀನು ಒಂದು ಹೇಳು. ಸಾಯಂಕಾಲದಿಂದ ಮನೆಯಲ್ಲೇ ಇದ್ಯಾ?

ಅತ್ತಿಗೆ, ನೀವು ಹೇಳಿ. ಅಣ್ಣ ಇಲ್ಲೇ ಇದ್ನಾ? ಚರ್ಚ್ ಕಡೆ ಬಂದಿರ್ಲಿಲ್ವಾ? ಕಾಲು ಉಳುಕಿ ಮಲಗಿದ್ನಾ...

ಅಯ್ಯೋ ದೇವರೇ. ಹಾಗಾದ್ರೆ ತಟ್ಟಿದ್ದು ಯಾರು?

ಇರು, ಮೊದಲಿಂದ ಹೇಳ್ತೀನಿ. ಚರ್ಚಲ್ಲಿ ಕೆಲಸ ಹಿಡಿದಿದ್ದೆ. ಹಳೇ ಫಾದರ್ ತೀರ್ಕೊಂಡ ಮೇಲೆ ಅಲ್ಲಿ ಯಾರೂ ಇರ್ಲಿಲ್ಲ, ನಾಳೆ ಹೊಸ ಫಾದರ್ ಬರ್ತಾರೆ. ಅಷ್ಟರಲ್ಲಿ ಆ ಪಾಪನಿವೇದನೆ ಗೂಡು ಸರಿಮಾಡಿ ಕೊಡು ಅಂದ್ರು. ನೀನು ನೋಡಿದ್ದೀಯಲ್ಲ, ಮೂಲೇಲಿ ಬೀರು ಥರ ನಿಂತಿರುತ್ತೆ. ನಡುವೆ ಫಾದರ್ ಕೂರೋ ಖಾನೆ, ಅದಕ್ಕೊಂದು ಬಾಗಿಲು. ಪಕ್ಕದಲ್ಲಿ ಜನ ಮೊಣಕಾಲೂರಿ ತಪ್ಪು ಹೇಳ್ಕೊಳ್ಳೋ ಜಾಗ. ಮಧ್ಯೆ ಮರದ ಜಾಲರಿ, ಮುಖ ಕಾಣದ ಹಾಗೆ.

ಮೊಣಕಾಲೂರೋ ಹಲಗೆ ಸವೆದು ಹೋಗಿತ್ತು ಅಣ್ಣ. ಎಷ್ಟು ಜನ ಊರಿದ್ರೋ, ಎಷ್ಟು ತಲೆಮಾರೋ... ಎರಡು ಗುಳಿ ಬಿದ್ದಿತ್ತು, ಅಂಗೈ ಇಟ್ರೆ ಕೂತ್ಕೊಳ್ಳೋ ಅಷ್ಟು. ನಾನು ನೋಡ್ದೆ, ಇದೇನು ದರಿದ್ರ ಅಂತ ಕಿತ್ತು, ಒಡೆದು, ಚರ್ಚ್ ಹಿಂದೆ ಇರೋ ಗಂಟೆಯಜ್ಜನ ಒಲೆಗೆ ಕೊಟ್ಟೆ. ಹೊಸ ಹಲಗೆ ನಾನೇ ಕೀಸಿದೆ. ಉಪ್ಪುಕಾಗದ ಹಾಕಿ ಗಾಜಿನ ಥರ ಮಾಡಿದೆ. ನೊಣ ಕೂತ್ರೂ ಜಾರ್ಬೇಕು, ಹಾಗೆ. ವಾರ್ನಿಷ್ ಹೊಡೆದು, ಮೊಳೆ ಹೊಡೀದೆ, ಗೂಡಿನ ತೋಡಿನೊಳಗೆ ಸುಮ್ಮನೆ ಕೂರಿಸಿ ಒಣಗೋಕೆ ಬಿಟ್ಟೆ.

ಉಳಿದಿದ್ದು ಫಾದರ್ ಬಾಗಿಲಿನ ಹಿಡಿ. ಲೊಡ ಲೊಡ ಅಂತಿತ್ತು. ಎರಡೂ ಕಡೆ ಹಿಡಿ ಬಿಚ್ಚಿದೆ, ಮಧ್ಯೆ ಚಿಲಕ ತಿರುಗಿಸೋ ಚೌಕದ ಕಂಬಿ ಎಳೆದೆ, ಹೊರಗೆ ನೆಲದ ಮೇಲಿಟ್ಟೆ. ಆಮೇಲೆ... ನಗ್ಬೇಡ... ಒಳಗಿನ ಸ್ಕ್ರೂ ತೂತು ನೋಡೋಣ ಅಂತ ಒಳಗೆ ಹೋಗಿ ಫಾದರ್ ಪೀಠದ ಮೇಲೆ ಕೂತೆ.

ಬಾಗಿಲು ತಾನಾಗೇ ಬಂತು. ನಿಧಾನಕ್ಕೆ. ಕಿ... ರ್ರ್... ಚಕ್.

ಅಷ್ಟೇ. ಚಿಲಕ ಕೂತ್ಬಿಡ್ತು. ಕಂಬಿ ಹೊರಗೆ, ನಾನು ಒಳಗೆ! ಮೇಸ್ತ್ರಿ ಮೊದಲ ದಿನ ಹೇಳಿದ್ದೇ ಅದಲ್ವಾ, ಹಿಡಿ ಬಿಚ್ಚಿದ್ರೆ ಕಂಬಿ ಬಾಯಲ್ಲಿ ಕಚ್ಕೊಂಡಿರೋ ಅಂತ? ಬಡಗಿ ಮಗ ನಾನು, ಇಲಿ ಥರ ಬೋನಿಗೆ ಬಿದ್ದೆ.

ಫೋನು? ಹೊರಗೆ ಬೆಂಚಿನ ಮೇಲಿತ್ತು. ಅದರ ಲೈಟ್ ಬೆಳಕಲ್ಲೇ ಕೆಲಸ ಮಾಡ್ತಿದ್ದೆ. ಕೂಗಿದೆ. "ಅಜ್ಜಾ! ಗಂಟೆಯಜ್ಜಾ!" ಆ ಮುದುಕನಿಗೆ ಗಂಟೆ ಹೊಡೆದು ಹೊಡೆದು ಕಿವಿ ಸತ್ತು ಯಾವ ಕಾಲ ಆಯ್ತು. ಅವನಿಗೆ ಕೇಳಿಸ್ಬೇಕಂದ್ರೆ ನಾನು ಗಂಟೆಯಾಗೇ ಹುಟ್ಟಬೇಕಿತ್ತು. ಒದೆಯೋಣ ಅಂದ್ರೆ ಕಾಲು ಚಾಚೋಕೆ ಜಾಗ ಇಲ್ಲ. ಮೊಣಕಾಲು ಬಾಗಿಲಿಗೆ, ಬೆನ್ನು ಹಲಗೆಗೆ, ಭುಜ ಎರಡೂ ಕಡೆ ಗೋಡೆಗೆ. ಬೆರಳಲ್ಲಿ ಚಿಲಕ ಕೀಳೋಕೆ ನೋಡ್ದೆ... ಈ ಬಲಗೈಲಿ ಎಲ್ಲಿ ಆಗುತ್ತೆ, ಬೆರಳ ತುದಿಯೇ ಇಲ್ವಲ್ಲ.

ಆಮೇಲೆ ಫೋನಿನ ಬೆಳಕು ಹೋಯ್ತು. ಬ್ಯಾಟರಿ ಸತ್ತಿರಬೇಕು.

ಕತ್ತಲೆ ಅಂದ್ರೆ... ಕಣ್ಣು ಮುಚ್ಚಿದ್ರೂ ಅದೇ, ಬಿಟ್ರೂ ಅದೇ. ವಾರ್ನಿಷ್ ವಾಸನೆ ಗಂಟಲಲ್ಲಿ ಕೂತಿತ್ತು. ಬೆಳಗಾಗೋವರೆಗೂ ಹೀಗೇ ಕೂರೋದು, ಹೊಸ ಫಾದರ್ ಬಂದು ಬಾಗಿಲು ತೆಗೆದ್ರೆ ಒಳಗೆ ನಾನು, ಅವರು ಇಲ್ಲಿಂದ್ಲೇ ವಾಪಸ್ ಹೋಗ್ತಾರೆ ಅಂತ ಒಬ್ಬನೇ ನಕ್ಕೆ.

ಆಗ ಪಕ್ಕದಲ್ಲಿ ಸದ್ದಾಯ್ತು.

ಸೀರೆಯೋ ಏನೋ, ಬಟ್ಟೆ ನೆಲಕ್ಕೆ ತಾಗೋ ಸದ್ದು. ಸರ್... ಅಂತ. ಆಮೇಲೆ ಹಲಗೆ. ನನ್ನ ಹಲಗೆ, ಅಣ್ಣ, ನಾನೇ ಕೂರಿಸಿದ್ದು, ಅದರ ಸದ್ದು ನನಗೆ ಗೊತ್ತಾಗಲ್ವಾ? ಭಾರ ಬಿದ್ದಾಗ "ಮಿಕ್" ಅಂತು. ಮತ್ತೊಂದು ಸಲ "ಮಿಕ್". ಎರಡು ಮೊಣಕಾಲು.

ಯಾರೋ ಬಂದ್ರು, ಬದುಕಿದೆ ಅನ್ಕೊಂಡು ಬಾಯಿ ತೆಗೆದೆ. ಅಷ್ಟರಲ್ಲಿ ಜಾಲರಿ ಹತ್ರ ಉಸಿರು... ಹೆಂಗಸಿನ ದನಿ, ಪಿಸುಮಾತು.

"ಇವತ್ತು ಮೊಣಕಾಲು ನೋಯ್ತಿದೆ ಫಾದರ್. ಹಲಗೆ ಹೊಸದು."

ಚರ್ಚಿನ ಬಾಗಿಲಿಗೆ ಒಳಗಿಂದ ಅಗುಳಿ ಹಾಕಿದ್ದು ನಾನೇ. ಒಳಗೆ ನಾನೊಬ್ಬನೇ ಇದ್ದೆ!

"ನಾ... ನಾನು ಫಾದರ್ ಅಲ್ಲಮ್ಮ" ಅಂದೆ. "ಬಡಗಿ."

ಜಪಮಣಿ ಉರುಳೋದು ಕೇಳಿಸ್ತಿತ್ತು. ಟಿಕ್... ಟಿಕ್...

"ಬಡಗಿ ಆದ್ರೇನು" ಅಂದ್ಲು. "ಫಾದರ್‌ಗಳಿಗೆಲ್ಲ ಹೇಳಿ ಆಯ್ತು. ಅವರು ಕ್ಷಮೆ ಇದೆ ಅಂದ್ರು. ನನಗೆ ಎದ್ದು ಹೋಗೋಕೆ ಆಗ್ತಿಲ್ಲ."

"ಯಾಕಮ್ಮ?"

"ತಂಗಿ ನನಗೆ ಒಂದು ಅನ್ಯಾಯ ಮಾಡಿದ್ಲು. ಆಮೇಲೆ ಒಂದಿನ ಬಾಗಿಲಿಗೆ ಬಂದ್ಲು. ಅಕ್ಕ, ತಪ್ಪಾಯ್ತು, ತೆಗಿ ಅಂದ್ಲು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಚಿಲಕ ತೆಗೀಲಿಲ್ಲ."

"ಆಮೇಲೆ?"

"ಆಮೇಲೆ ಅವಳು ಬರಲೇ ಇಲ್ಲ."

ಟಿಕ್... ಟಿಕ್...

"ಪ್ರಾರ್ಥನೆ ಹೇಳ್ತೀನಿ. ಒಂದು ಸಾಲಲ್ಲಿ ನಿಲ್ತೀನಿ. ನೀನು ಜೊತೆಗೆ ಹೇಳಿ ದಾಟಿಸು ಮಗ."

ಶುರು ಮಾಡಿದ್ಲು. ಪರಲೋಕದ ತಂದೆ ಪ್ರಾರ್ಥನೆ, ಅಮ್ಮ ನಮಗೆ ಮಲಗೋ ಮುಂಚೆ ಹೇಳಿಸ್ತಿದ್ಲಲ್ಲ, ಅದೇ. ಸಲೀಸಾಗಿ ಬಂದ್ಲು, ಬಂದ್ಲು... ನಮಗೆ ತಪ್ಪು ಮಾಡಿದವರನ್ನ ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಅಂತ ಬರುತ್ತಲ್ಲ, ಅಲ್ಲಿ ನಿಂತ್ಬಿಟ್ಲು. ಮತ್ತೆ ಮೊದಲಿಂದ. ಮತ್ತೆ ಅಲ್ಲೇ ನಿಂತ್ಲು. ಮತ್ತೆ ಮೊದಲಿಂದ...

ಎಷ್ಟು ಹೊತ್ತೋ ಗೊತ್ತಿಲ್ಲ ಅಣ್ಣ. ಒಂದೊಂದು ಸಲ ನಿಂತಾಗ್ಲೂ ಗೂಡು ಚಿಕ್ಕದಾಗ್ತಿತ್ತು. ಆಣೆ ಮಾಡಿ ಹೇಳ್ತೀನಿ. ಮೊದಲು ಭುಜ ತಾಗ್ತಿದ್ದಿದ್ದು, ಆಮೇಲೆ ಎದೆಗೆ ಬಾಗಿಲು ಒತ್ತೋಕೆ ಶುರುವಾಯ್ತು. ಉಸಿರು ಅರ್ಧಕ್ಕೇ ನಿಲ್ತಿತ್ತು. ಇವಳನ್ನ ದಾಟಿಸ್ದೆ ಇದ್ರೆ ನಾನೂ ಇಲ್ಲಿಂದ ಏಳಲ್ಲ ಅಂತ ಗೊತ್ತಾಗಿ ಹೋಯ್ತು. ಯಾರೂ ಹೇಳ್ಬೇಕಾಗಿರ್ಲಿಲ್ಲ.

ಅವಳು ನಿಂತಾಗ ಆ ಸಾಲು ನಾನು ಹೇಳಿದೆ. ಗಡಗಡ ಅಂತ, ರೈಲು ಬಿಟ್ಟ ಹಾಗೆ.

ಜಪಮಣಿ ನಿಂತ್ಬಿಡ್ತು.

"ಬಾಯಿ ಹೇಳ್ತು" ಅಂದ್ಲು. "ನೀನು ಹೇಳ್ಲಿಲ್ಲ."

ಮತ್ತೆ ಮೊದಲಿಂದ...

ನನಗೆ ಯಾರು ನೆನಪಾಗ್ಬೇಕು ಹೇಳು? ಮುಖ ಬೇರೆ ಕಡೆ ತಿರುಗಿಸ್ಬೇಡ, ಇಲ್ಲಿ ನೋಡು. ನೀನು. ಗರಗಸದ ಮಷೀನಿಗೆ ಕೈ ತಾಗದ ಹಾಗೆ ಇದ್ದ ಕಾಪು ತಗಡು ಬಿಚ್ಚಿದ್ದು ನೀನು, ಬೇಗ ಕೆಲಸ ಆಗ್ಲಿ ಅಂತ. ಬೆರಳು ಹೋಗಿದ್ದು ನಂದು. ಅದು ಹೋಗ್ಲಿ ಅಂದ್ರೂ... ಮೇಸ್ತ್ರಿ ಎದುರಿಗೆ, ನಾನು ರಕ್ತ ಸುರಿಸ್ಕೊಂಡು ನಿಂತಿರುವಾಗ, "ಇವನಿಗೆ ಗಮನ ಇಲ್ಲ, ಎಲ್ಲೋ ನೋಡ್ತಿದ್ದ" ಅಂದ್ಯಲ್ಲ. ಬೆರಳಿಗಿಂತ ಆ ಮಾತು ನೋವು ಕೊಡ್ತು ಅಣ್ಣ. ಇವತ್ತಿಗೂ. ಅದನ್ನ ಎದೇಲಿ ಇಟ್ಕೊಂಡು ಸಾಕಿದ್ದೀನಿ, ನಾಯಿಗೆ ಅನ್ನ ಹಾಕಿದ ಹಾಗೆ ದಿನಾ ಅನ್ನ ಹಾಕಿದ್ದೀನಿ.

ನೀನು ಒಂದಿನ ನನ್ನ ರೂಮಿಗೆ ಬಂದಿದ್ದೆ. ನನಗೆ ಗೊತ್ತಾಯ್ತು. ನೀನು ತಟ್ಟೋ ಥರ ಯಾರೂ ತಟ್ಟಲ್ಲ, ಹಲಗೆ ಟೊಳ್ಳಾ ಅಂತ ನೋಡೋ ಹಾಗೆ ಬೆರಳ ಗೆಣ್ಣಲ್ಲಿ... ಟಕ್ ಟಕ್... ಟಕ್. ನಾನು ಒಳಗೇ ಇದ್ದೆ. ಉಸಿರು ಹಿಡ್ಕೊಂಡು ಕೂತಿದ್ದೆ. ನೀನು ಹೊಸಿಲ ಮೇಲೆ ಕೂತು ಒಂದು ಬೀಡಿ ಸೇದಿ ಹೋದೆ. ಹೊಗೆ ಬಾಗಿಲ ಸಂದಿಯಿಂದ ಒಳಗೆ ಬಂತು. ಆಗ್ಲೂ ತೆಗೀಲಿಲ್ಲ.

ಅವಳು ಆ ಸಾಲಿಗೆ ಬಂದು ನಿಂತ್ಲು. ನಾನು ಬಾಯಿ ತೆಗೆದೆ, ಅಳು ಬಂತು. ಸುಳ್ಳು ಹೇಳಿದ್ರೆ ಬಿಡಲ್ಲ, ನಿಜ ಹೇಳೋಣ ಅಂದ್ರೆ ಇನ್ನೂ ಸಿಟ್ಟಿದೆ. ಕೊನೆಗೆ ಇದ್ದದ್ದನ್ನೇ ಹೇಳ್ದೆ. "ದೇವರೇ, ಪೂರ್ತಿ ಕ್ಷಮಿಸೋಕೆ ನನ್ನ ಕೈಲಿ ಆಗ್ತಿಲ್ಲ. ಕ್ಷಮಿಸ್ಬೇಕು ಅಂತಿದೆ. ಇಲ್ಲಿಂದ ಬಿಟ್ರೆ ಇವತ್ತೇ ಅಣ್ಣನ ಬಾಗಿಲಿಗೆ ಹೋಗ್ತೀನಿ. ಉಳಿದಿದ್ದು ನೀನೇ ಮಾಡು. ನನ್ನನ್ನೂ ಕ್ಷಮಿಸು, ಬಾಗಿಲು ತೆಗೀದೆ ಕೂತಿದ್ದಕ್ಕೆ." ಆಮೇಲೆ ಆ ಸಾಲು ಹೇಳ್ದೆ. ಒಂದೊಂದೇ ಪದ, ಕಲ್ಲು ಎತ್ತಿಟ್ಟ ಹಾಗೆ.

ಜಾಲರಿ ಆಚೆ ಅವಳೂ ಜೊತೆಗೆ ಹೇಳ್ತಿದ್ಲು.

ದಾಟಿದ್ಲು ಅಣ್ಣ! ಮುಂದಿನದೆಲ್ಲ ಒಂದೇ ಉಸಿರಿಗೆ, ನೀರು ಹರಿದ ಹಾಗೆ... ಆಮೆನ್ ಅಂದ್ಲು. ಉದ್ದಕ್ಕೆ ಉಸಿರು ಬಿಟ್ಲು. ಹಲಗೆ "ಮಿಕ್" ಅಂತು. ಮತ್ತೊಂದು "ಮಿಕ್". ಎದ್ಲು.

ಆಮೇಲೆ... ನನ್ನ ಬಾಗಿಲು ತಟ್ಟಿದ ಸದ್ದು.

ಟಕ್ ಟಕ್... ಟಕ್.

ಅದಕ್ಕೇ ಕೇಳಿದ್ದು ನೀನು ಬಂದಿದ್ಯಾ ಅಂತ! ನಿನ್ನದೇ ಗೆಣ್ಣು, ನಿನ್ನದೇ ತಾಳ! ಮೈಯೆಲ್ಲ ಮುಳ್ಳಾಯ್ತು. ಆದ್ರೂ, ಯಾಕೋ ಗೊತ್ತಿಲ್ಲ, ಅವತ್ತು ಹೇಳ್ಬೇಕಿದ್ದ ಮಾತು ಬಾಯಿಗೆ ಬಂತು. "ಬಾ ಅಣ್ಣ" ಅಂದೆ.

ಚಕ್. ಚಿಲಕ ಬಿಚ್ಚಿತು. ಬಾಗಿಲು ತಾನಾಗೇ ತೆರ್ಕೊಳ್ತು.

ಯಾರೂ ಇಲ್ಲ. ಕಿಟಕಿಯಿಂದ ಒಂಚೂರು ಬೆಳಕು ಬರ್ತಿತ್ತು. ಕಂಬಿ ನಾನಿಟ್ಟ ಜಾಗದಲ್ಲೇ, ನೆಲದ ಮೇಲೇ ಇತ್ತು. ದೊಡ್ಡ ಬಾಗಿಲ ಅಗುಳಿ ಹಾಕಿದ ಹಾಗೇ ಇತ್ತು. ನಾನೇ ತೆಗೆದು ಓಡಿದ್ದು. ಅಂಗಳದ ಬಾವಿ ದಾಟುವಾಗ ಅದರ ರಾಟೆ "ಕೀಂಯ್" ಅಂತು, ಗಾಳಿನೋ ಏನೋ, ತಿರುಗಿ ನೋಡಿದ್ರೆ ನಮ್ಮಪ್ಪನಾಣೆ. ಸೀದಾ ನಿನ್ನ ಮನೆಗೇ ಬಂದೆ. ಹೇಳಿದ್ದೆನಲ್ಲ, ಇವತ್ತೇ ಹೋಗ್ತೀನಿ ಅಂತ.

ಏನು? ವಾರ್ನಿಷ್ ವಾಸನೆಗೆ ತಲೆ ತಿರುಗಿ ಕನಸು ಬಿತ್ತಾ?

ಹೂಂ. ನಾನೂ ಹಾಗೇ ಅನ್ಕೋತಿದ್ದೆ. ಓಡೋ ಮುಂಚೆ ಆ ಹಲಗೆ ಮೇಲೆ ಕೈ ಇಡದೆ ಇದ್ದಿದ್ರೆ.

ಅತ್ತಿಗೆ, ಹೊರಗೆ ಜಗುಲಿ ಮೇಲೆ ಗೋಣಿ ಸುತ್ತಿಟ್ಟಿದ್ದೀನಿ, ಹುಷಾರು, ವಾರ್ನಿಷ್ ಅಂಟುತ್ತೆ... ಇಲ್ಲಿ ಕೊಡಿ. ಮೊಳೆ ಹೊಡೆದಿರ್ಲಿಲ್ಲ, ಕೈಗೆ ಬಂತು, ಹಿಡ್ಕೊಂಡೇ ಓಡಿದೆ. ಅಣ್ಣ, ದೀಪ ಹತ್ರ ತಾ. ನೀನೂ ಬಡಗಿ. ಮಧ್ಯಾಹ್ನ ಕೀಸಿದ ಹೊಸ ಮರ, ವಾಸನೆ ನೋಡು, ಇನ್ನೂ ಹಸಿ. ಈಗ ಇಲ್ಲಿ ಅಂಗೈ ಇಡು. ಇಲ್ಲೊಂದು... ಇಲ್ಲೊಂದು.

ಕೂತ್ಕೊಳ್ತಲ್ಲ?

ಉಳಿ ಗುರುತಿದ್ಯಾ ಹೇಳು. ಉಪ್ಪುಕಾಗದದ ಗೀರು ಇದ್ಯಾ? ವರ್ಷಗಟ್ಟಲೆ ಮೊಣಕಾಲು ತಾಗಿ ತಾಗಿ ನುಣ್ಣಗಾದ ಗುಳಿ ಅದು. ಸುತ್ತ ವಾರ್ನಿಷ್ ಅಂಟ್ತಿದೆ, ಗುಳಿ ಒಳಗೆ ಒಣಗಿದೆ. ನಾನು ಸುಳ್ಳು ಹೇಳಲ್ಲ ಅಣ್ಣ. ಅಮ್ಮನಾಣೆ ನಡೆದಿದ್ದು.

ಅಳ್ಬೇಡ. ಯಾಕೆ ಅಳ್ತೀಯ... ಮಾತಾಡ್ಬೇಡ, ತಪ್ಪಾಯ್ತು ಅಂತ ಈಗ ಏನೂ ಹೇಳ್ಬೇಡ, ನನಗೂ ಅಳು ಬರುತ್ತೆ. ಅದು ನಿಧಾನಕ್ಕೆ. ಇವತ್ತು ಬಾಗಿಲು ತೆಗೆದಿರ್ಲಿ, ಸಾಕು.

ಒಂದೇ ಒಂದು ಹೇಳು. ಆ ಗೂಡಲ್ಲಿ ನೀನು ಕೂತಿದ್ದು, ಕಂಬಿ ಹೊರಗಿದ್ದು, ಪಕ್ಕದಲ್ಲಿ ಅವಳು ಮೊಣಕಾಲೂರಿ "ನನ್ನನ್ನ ದಾಟಿಸು ಮಗ" ಅಂದಿದ್ರೆ... ನೀನು ಏನ್ ಮಾಡ್ತಿದ್ದೆ?