ಬಾಯಿ ಬಿಡದ ಓದು

ನೋಂದಣಿ ಕಚೇರಿಯ ಬೆಂಚಿನಲ್ಲಿ ಕಾಯುತ್ತಿದ್ದ ದರ್ಜಿಗೆ, ಬೇಡವೆಂದರೂ ಪಕ್ಕದ ಮುದುಕಿಯ ಮಾತು ಕಿವಿಗೆ ಬೀಳುತ್ತಲೇ ಇತ್ತು. ಆಕೆ ತಂಗಿಯ ಮಗಳನ್ನು ಹುರಿದು ಮುಕ್ಕುತ್ತಿದ್ದಳು.

“ಅದೇನೋ ಪ್ಯಾರಾಲೀಗಲ್ ಅಂತೆ! ವಕೀಲರ ಕೈಕೆಳಗೆ ದುಡಿಯೋಕೂ ಒಂದು ಕಾಲೇಜು ಬೇರೆ ಕೇಡು. ಏನೇ ಕಲಿಸ್ತಾರೆ ಅಲ್ಲಿ?”

“ನಾವಾಗಿ ಯಾರಿಗೂ ಕಾನೂನು ಸಲಹೆ ಕೊಡಬಾರದು ಅಂತ, ದೊಡ್ಡಮ್ಮ.”

“ಥೂ! ಬಾಯಿ ಮುಚ್ಕೊಂಡಿರೋದು ನಮ್ಮನೆ ಗೋಡೆಗೆ ಓದದೇನೇ ಬಂದಿದೆ. ಸರಿ, ಮನೇನ ಮಗನ ಹೆಸರಿಗೆ ಬರೆದುಕೊಡ್ತಿದ್ದೀನಲ್ಲ, ಸಹಿ ಹಾಕ್ಲೋ ಬೇಡ್ವೋ?”

“ನಾನು ಹೇಳೋ ಹಾಗಿಲ್ಲ.”

“ದಂಡಪಿಂಡ! ಪೆನ್ನಾದ್ರೂ ಕೊಡು.”

ಹುಡುಗಿ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ, ಚೀಲದ ತಳಕ್ಕೆ ತಳ್ಳಿ, ಜಿಪ್ ಎಳೆದಳು.

ಒಳಗಿನಿಂದ ಮಗ ಕೂಗಿದ. ಮುದುಕಿ ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಚೀಲ.

“ಕೆಲಸಕ್ಕೆ ಬಾರದ ಓದು,” ಎಂದು ಗೊಣಗುತ್ತ, ಹುಡುಗಿಯ ತೋಳು ಹಿಡಿದು ಮೆಟ್ಟಿಲಿಳಿದು ಹೊರಟೇಹೋದಳು.